ಹಳೇ ಕಾರು ರಿಪೇರಿ ಮಾಡಿಸ್ಬೇಕಾ, ಬಿಟ್ಬಿಡ್ಬೇಕಾ: ದುಡ್ಡು ಕೊಟ್ಟು ಮಾಡಿಸಿದ ಫುಲ್ ಇನ್‌ಸ್ಪೆಕ್ಷನ್ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಹಳೇ ಕಾರು ಇಟ್ಕೊಂಡು, ದೊಡ್ಡದೊಂದು ಎಸ್ಟಿಮೇಟ್ ಕೈಲಿ ಹಿಡ್ಕೊಂಡು, ಮಾಡಿಸೋದಾ ಇಲ್ಲ ಮಾರಿ ಕೈ ತೊಳ್ಕೊಳೋದಾ ಅಂತ ತಲೆ ಕೆಡಿಸ್ಕೊಂಡು ಕೂತಿರೋರು ಯಾರಾದ್ರೂ ಇದ್ರೆ, ರಿಪೇರಿಗೆ ಹೂಂ ಅನ್ನೋಕೂ ಮುಂಚೆ ಈ ಒಂದು ಕೆಲಸ ಮಾಡಿಸಿ. ಏನೂ ಬಿಚ್ಚಿ ಬದಲಾಯಿಸದೆ, ಬರೀ ಚೆಕ್ ಮಾಡಿ, ಗಾಡಿ ಕಂಡೀಶನ್ ಹೇಗಿದೆ ಅಂತ ಬರೆದು ಕೊಡೋ ಸರ್ವಿಸ್ ಇದು. ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳೋರು ಮಾಡಿಸ್ತಾರೆ, ನಮ್ಮ ಗಾಡಿಗೇ ನಾವು ಮಾಡಿಸ್ಬೋದು ಅನ್ನೋದು ತುಂಬಾ ಜನಕ್ಕೆ ಹೊಳೆಯೋದೇ ಇಲ್ಲ. ಮಾಡಿಸ್ಬೋದು, ಆರಾಮಾಗಿ ಮಾಡಿಸ್ಬೋದು.

ನಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರು, ವಯಸ್ಸು ಹದಿನೈದು ದಾಟಿದೆ, ಓಡಿರೋದು 1 ಲಕ್ಷ 80 ಸಾವಿರ ಕಿಲೋಮೀಟರ್ ಹತ್ತಿರ. ಕ್ಲಚ್ ಸ್ಲಿಪ್ ಆಗ್ತಿತ್ತು, ಚೆಕ್ ಎಂಜಿನ್ ಲೈಟ್ ಹತ್ಕೊಂಡಿತ್ತು, ಗುಂಡಿ ಇಳಿದ್ರೆ ಮುಂದೆ ಲಟಲಟ ಸೌಂಡು. ಒಂದು ಕಡೆ ತೋರಿಸಿದ್ದಕ್ಕೆ ಎಸ್ಟಿಮೇಟ್ ಬಂತು ನೋಡಿ, ಕ್ಲಚ್ ಸೆಟ್, ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಭಾಗ), ಮುಂದಿನ ಸಸ್ಪೆನ್ಶನ್ ಪೂರ್ತಿ, ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವ್ ತಾಳ ತಪ್ಪದ ಹಾಗೆ ಓಡಿಸೋ ರಬ್ಬರ್ ಪಟ್ಟಿ), ರೇಡಿಯೇಟರ್, ಹೀಗೆ ಪಟ್ಟಿ ಕೆಳಗೆ ಹೋಗ್ತಾನೇ ಇತ್ತು, ಒಟ್ಟು ಮೊತ್ತ ಕಾರನ್ನ ಮಾರಿದ್ರೆ ಬರೋ ದುಡ್ಡಿಗೆ ಹತ್ತತ್ರ ಬಂದ್ಬಿಟ್ಟಿತ್ತು. ಪಟ್ಟಿ ಕೊಟ್ಟವರೇ "ಇಷ್ಟು ಹಾಕೋ ಬದ್ಲು ಕೊಟ್ಬಿಡಿ ಸಾರ್" ಅಂದ್ರು. ಅವರು ಹೇಳಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಆದ್ರೆ ಆ ಪಟ್ಟೀಲಿ ನನಗೆ ಬೇಕಿದ್ದ ಉತ್ತರ ಇರ್ಲಿಲ್ಲ. ಏನೇನು ಬದಲಾಯಿಸ್ಬೇಕು ಅಂತ ಎಸ್ಟಿಮೇಟ್ ಹೇಳತ್ತೆ, ಅದನ್ನೆಲ್ಲ ಬದಲಾಯಿಸಿದ ಮೇಲೆ ಉಳಿಯೋ ಗಾಡಿ ಎಂಥದ್ದು ಅಂತ ಹೇಳಲ್ಲ. ಬಾಡಿ ಗಟ್ಟಿ ಇದ್ಯಾ, ಎಂಜಿನ್‌ನಲ್ಲಿ ಇನ್ನೂ ಉಸಿರಿದ್ಯಾ, ಮುಂದಿನ ವರ್ಷ ಇನ್ಯಾವುದು ಕೈ ಕೊಡತ್ತೆ, ಇದು ಗೊತ್ತಾಗದೆ ದುಡ್ಡು ಸುರಿಯೋದು ಹೇಗೆ, ಗೊತ್ತಾಗದೆ ಮಾರೋದು ತಾನೇ ಹೇಗೆ?

ಅದಕ್ಕೇ ಬೇರೆ ಗ್ಯಾರೇಜ್ ಹುಡುಕಿದೆ, ಇನ್‌ಸ್ಪೆಕ್ಷನ್‌ಗೆ ಅಂತ ಪ್ರತ್ಯೇಕ ಚಾರ್ಜ್ ತಗೊಳೋರು. "ರಿಪೇರಿ ನಿಮ್ಮ ಹತ್ರಾನೇ ಮಾಡಿಸ್ತೀನಿ ಅಂತ ಮಾತು ಕೊಡಲ್ಲ, ಚೆಕಿಂಗ್ ದುಡ್ಡು ಪೂರ್ತಿ ಕೊಡ್ತೀನಿ, ನೋಡಿದ್ದನ್ನ ನೋಡಿದ ಹಾಗೆ ಬರೆದು ಕೊಡಿ" ಅಂತ ಮೊದಲೇ ಹೇಳಿದೆ. ಈ ಮಾತು ಮುಖ್ಯ. ಫ್ರೀ ಚೆಕಪ್ ಅಂತ ಮಾಡೋ ಕಡೆ ಅವರ ಸಂಪಾದನೆ ಹುಟ್ಟೋದೇ ರಿಪೇರಿಯಿಂದ, ಇಲ್ಲಿ ನೋಡೋದಕ್ಕೇ ದುಡ್ಡು ಸಿಗತ್ತೆ, ಹಾಗಾಗಿ "ಇದಕ್ಕೇನೂ ಆಗಿಲ್ಲ, ಬಿಡಿ" ಅನ್ನೋ ಮಾತು ಸಲೀಸಾಗಿ ಬರತ್ತೆ. ನನ್ನ ವಿಷಯದಲ್ಲಿ ಬಂತು ಕೂಡ.

ಶುರು ಮಾಡಿದ್ದು ಬಾನೆಟ್ ತೆಗೆದಲ್ಲ, ಗಾಡಿ ಲಿಫ್ಟ್ ಮೇಲೆ ಏರಿಸಿ ಅಡಿಯಿಂದ. ಇದು ನನಗೆ ಬಹಳ ಇಷ್ಟ ಆಯ್ತು, ಯಾಕಂದ್ರೆ ಹಳೇ ಕಾರಲ್ಲಿ ಎಂಜಿನ್ ಹೋದ್ರೆ ಇನ್ನೊಂದು ಎಂಜಿನ್ ಕೂರಿಸ್ಬೋದು, ಗೇರ್‌ಬಾಕ್ಸ್ ಹೋದ್ರೆ ಇನ್ನೊಂದು ಸಿಗತ್ತೆ, ಬಾಡಿ ಅಡಿಭಾಗ ತುಕ್ಕು ತಿಂದು ಟೊಳ್ಳಾದ್ರೆ ಮೇಲೆ ಏನು ಹೊಸದು ಹಾಕಿದ್ರೂ ಅಡಿಪಾಯ ಕುಸಿದ ಮನೆಗೆ ಬಣ್ಣ ಹೊಡೆದ ಹಾಗೇನೇ. ಮೆಕ್ಯಾನಿಕ್ ಒಂದು ಕೈಲಿ ಟಾರ್ಚು, ಇನ್ನೊಂದು ಕೈಲಿ ಹಳೇ ಸ್ಕ್ರೂಡ್ರೈವರ್ ಹಿಡ್ಕೊಂಡು ಅದರ ಹಿಡಿಯಿಂದ ಬಾಗಿಲ ಕೆಳಗಿನ ಅಂಚಿನುದ್ದಕ್ಕೂ ಟಕ್ ಟಕ್ ಅಂತ ತಟ್ಟುತ್ತಾ ಹೋದ್ರು. ಗಟ್ಟಿ ತಗಡಾದ್ರೆ ಟಣ್ ಅನ್ನೋ ಸ್ವಚ್ಛ ಶಬ್ದ, ಒಳಗೆ ತುಕ್ಕು ಹಿಡಿದು ಪದರ ಬಿಟ್ಟಿದ್ರೆ ಡಬ್ ಅನ್ನೋ ಮಂಕು ಶಬ್ದ. ಎಡಗಡೆ ಹಿಂದಿನ ಚಕ್ರದ ಮುಂದೆ ಒಂದು ಜಾಗದಲ್ಲಿ ಶಬ್ದ ಬದಲಾಯ್ತು, ನನಗೇ ಕೇಳಿಸ್ತು. ಅಲ್ಲಿ ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಒತ್ತಿದ್ರು, ಅಂಡರ್‌ಕೋಟಿಂಗ್ ಚಕ್ಕೆಯಾಗಿ ಉದುರಿ ಕಂದು ಪುಡಿ ಕೆಳಗೆ ಬಿತ್ತು, ಆದ್ರೆ ಮೊನೆ ಒಳಗೆ ಹೋಗ್ಲಿಲ್ಲ. "ಇಲ್ಲಿ ಮುಟ್ಟಿ ನೋಡಿ ಸಾರ್, ಮೇಲ್ಮೈ ತುಕ್ಕು, ತಗಡು ಇನ್ನೂ ಇದೆ. ಉಜ್ಜಿ ಪ್ರೈಮರ್ ಹೊಡೆದ್ರೆ ನಿಲ್ಲತ್ತೆ. ಈ ಮೊನೆ ಒಳಗೆ ಹೋಗಿದ್ರೆ ಮುಂದಿನ ಚೆಕಿಂಗೇ ಬೇಡ ಅಂತಿದ್ದೆ" ಅಂದ್ರು.

ಆಮೇಲೆ ಸಸ್ಪೆನ್ಶನ್ ಬಾಡಿಗೆ ಕೂರೋ ಜಾಗಗಳು, ಸಬ್‌ಫ್ರೇಮ್ (ಎಂಜಿನ್, ಸಸ್ಪೆನ್ಶನ್ ಹೊರೋ ಚೌಕಟ್ಟು) ಬೋಲ್ಟ್ ಸುತ್ತ, ಬ್ರೇಕ್ ಪೈಪು ಹಾದುಹೋಗೋ ದಾರಿ, ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ ಒಳಗೆ, ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರೋ ಸ್ಟ್ರಟ್ ಟವರ್ ಮೇಲೆ, ಎಲ್ಲಾ ನೋಡಿದ್ರು. ತುಕ್ಕು ಅಂದ ತಕ್ಷಣ ಎಲ್ರೂ ಬಾಗಿಲಿನ ಅಂಚು, ಚಕ್ರದ ಕಮಾನು ನೋಡಿ ಹೌಹಾರ್ತಾರೆ, ನೋಡೋಕೆ ಕೆಟ್ಟದಾಗಿದ್ರೂ ಅದು ಟಿಂಕರಿಂಗ್ ಕೆಲಸ ಅಷ್ಟೇ, ಗಾಡಿಯ ಆಯಸ್ಸು ತೀರ್ಮಾನ ಆಗೋದು ಭಾರ ಹೊರೋ ಜಾಗಗಳಲ್ಲಿ. ಹೊರಗೆ ಮಿಣಮಿಣ ಮಿಂಚ್ತಾ ಒಳಗೆ ಪುಟ್ಟಿ ತುಂಬಿಸಿರೋ ಗಾಡಿಗಳೂ ಇರ್ತಾವೆ, ಅದಕ್ಕೆ ಒಂದು ಚಿಕ್ಕ ಆಯಸ್ಕಾಂತ ಬಟ್ಟೆ ಸುತ್ತಿ ಇಟ್ಟು ನೋಡಿದ್ರೆ ಸಾಕು, ಸ್ಟೀಲ್ ತಗಡಿನ ಮೇಲೆ ಹಿಡ್ಕೊಳತ್ತೆ, ದಪ್ಪ ಪುಟ್ಟಿ ಮೇಲೆ ಜಾರತ್ತೆ. ಇದನ್ನ ನೀವೇ ಮನೇಲಿ ಮಾಡ್ಬೋದು.

ಎರಡನೇದು ಎಂಜಿನ್. ಕಂಪ್ರೆಶನ್ ಟೆಸ್ಟ್, ಅಂದ್ರೆ ಒಂದೊಂದು ಸಿಲಿಂಡರ್ ಗಾಳಿನ ಎಷ್ಟು ಒತ್ತಡಕ್ಕೆ ಅದುಮತ್ತೆ ಅಂತ ಅಳೆಯೋದು, ಸೇರಿದ್ಯಾ ಅಂತ ಬುಕ್ ಮಾಡೋವಾಗ್ಲೇ ಕೇಳಿದ್ದೆ, ಕೆಲವು ಕಡೆ ಇನ್‌ಸ್ಪೆಕ್ಷನ್ ಅಂದ್ರೆ ಬರೀ ಕಣ್ಣಲ್ಲಿ ನೋಡಿ ಟಿಕ್ ಹಾಕೋದು, ಅಂಥದ್ದಕ್ಕೆ ದುಡ್ಡು ಕೊಡೋದು ದಂಡ. ಎಂಜಿನ್ ಬಿಸಿ ಇರೋವಾಗ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಪೆಟ್ರೋಲ್ ಮತ್ತೆ ಇಗ್ನಿಶನ್ ಕಟ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ಲಗ್ ಜಾಗದಲ್ಲಿ ಗೇಜ್ ಕೂರಿಸಿ ಮುಳ್ಳು ಏರೋದು ನಿಲ್ಲೋವರೆಗೂ ಸೆಲ್ಫ್ ಹೊಡೀತಾರೆ. ಆಕ್ಸಿಲರೇಟರ್ ಒತ್ತೋ ಕೆಲಸ ನನಗೇ ಕೊಟ್ಟಿದ್ರು. ಬಂದ ಲೆಕ್ಕ 165, 160, 168, 148 ಪಿಎಸ್‌ಐ (ಒತ್ತಡದ ಅಳತೆ). ಪೆಟ್ರೋಲ್ ಎಂಜಿನ್‌ಗೆ ಸುಮಾರು 120ರಿಂದ 180ರ ಒಳಗಿದ್ರೆ ಸಾಮಾನ್ಯವಾಗಿ ಓಕೆ, ಸರಿಯಾದ ನಂಬರ್ ಆಯಾ ಎಂಜಿನ್ನಿನ ಮ್ಯಾನ್ಯುಯಲ್‌ನಲ್ಲಿ ಇರತ್ತೆ. ಆದ್ರೆ ಒಂದೊಂದರ ನಂಬರ್‌ಗಿಂತ ನಾಲ್ಕರ ಮಧ್ಯೆ ಎಷ್ಟು ವ್ಯತ್ಯಾಸ ಅನ್ನೋದು ಜಾಸ್ತಿ ಮುಖ್ಯ, ಶೇಕಡಾ 10ರಿಂದ 15ರ ಒಳಗಿರ್ಬೇಕು ಅಂತಾರೆ. ನಂದು ನಾಲ್ಕನೇದು ಅತಿ ಜಾಸ್ತಿ ಇರೋದಕ್ಕಿಂತ ಶೇಕಡಾ 12ರಷ್ಟು ಕಮ್ಮಿ, ಅಂದ್ರೆ ಗಡಿ ಒಳಗೇ ಇದ್ರೂ ಗಡಿ ಹತ್ರ.

ಇಲ್ಲಿ ಅವರು ನಿಲ್ಲಿಸಿದ್ರೆ ಯಾರೂ ಕೇಳ್ತಿರ್ಲಿಲ್ಲ, ಆದ್ರೆ ನಿಲ್ಲಿಸ್ಲಿಲ್ಲ. ಒಂದು ಸಣ್ಣ ಎಣ್ಣೆ ಡಬ್ಬಿಯಿಂದ ಒಂದು ಚಮಚದಷ್ಟು ಎಂಜಿನ್ ಆಯಿಲ್ ನಾಲ್ಕನೇ ಸಿಲಿಂಡರ್ ಒಳಗೆ ಬಿಟ್ಟು ಮತ್ತೆ ಸೆಲ್ಫ್ ಹೊಡೆಸಿದ್ರು, ಮುಳ್ಳು 148ರಿಂದ 163ಕ್ಕೆ ಏರ್ತು. ಆಯಿಲ್ ಪಿಸ್ಟನ್ ರಿಂಗ್ ಸುತ್ತ ಸಂದು ಮುಚ್ಚಿದಾಗ ಪ್ರೆಶರ್ ಏರಿದ್ರೆ ಸವೆದಿರೋದು ರಿಂಗ್ ಅಂತ ಅರ್ಥ, ಏರದೇ ಇದ್ರೆ ವಾಲ್ವ್ ಸರಿಯಾಗಿ ಕೂರ್ತಿಲ್ಲ ಇಲ್ಲಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ಮಧ್ಯದ ಸೀಲ್) ಹೋಗಿದೆ ಅಂತ, ಅದರಲ್ಲೂ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಇಳಿದಿದ್ರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೇನೇ. ನಂದು ರಿಂಗ್ ಸ್ವಲ್ಪ ಸವೆದಿದೆ, ಆಯಿಲ್ ಒಂಚೂರು ಕುಡಿಯತ್ತೆ, ಈಗಲೇ ಬಿಚ್ಚೋ ಅಗತ್ಯ ಇಲ್ಲ, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ನೋಡ್ಕೊಂಡು ಓಡಿಸಿ ಅಂತ ಬರೆದ್ರು. ಇಷ್ಟು ವಿಷಯ ಹೊರಬಂದಿದ್ದು ಒಂದು ಗೇಜು ಮತ್ತೆ ಒಂದು ಚಮಚ ಎಣ್ಣೆಯಿಂದ! "ಎಂಜಿನ್ ಕೆಲಸಕ್ಕೆ ಬಂದಿದೆ, ಓವರ್‌ಹಾಲ್ ಮಾಡಿಸ್ಬೇಕು" ಅಂತ ಬಾಯಿಮಾತಲ್ಲಿ ಯಾರಾದ್ರೂ ಹೇಳಿದ್ರೆ, ಈ ನಾಲ್ಕು ನಂಬರ್ ಬರೆದು ಕೊಡಿ ಅಂತ ಕೇಳಿ, ನೀವು ಕೇಳೋದ್ರಲ್ಲಿ ತಪ್ಪೇನಿಲ್ಲ.

ಕೂಲೆಂಟ್‌ಗೂ ಒಂದು ಟೆಸ್ಟ್ ಮಾಡಿದ್ರು, ರೇಡಿಯೇಟರ್ ಬಾಯಿಗೆ ನೀಲಿ ದ್ರವ ತುಂಬಿದ ಟ್ಯೂಬ್ ಇಟ್ಟು ಒಳಗಿನ ಗಾಳಿ ಎಳೀತಾರೆ, ಎಂಜಿನ್ನಿನ ಹೊಗೆ ಕೂಲೆಂಟ್ ಒಳಗೆ ನುಗ್ತಿದ್ರೆ ಅದರಲ್ಲಿರೋ ಕಾರ್ಬನ್ ಡೈಆಕ್ಸೈಡ್‌ಗೆ ನೀಲಿ ಹೋಗಿ ಹಳದಿ ಆಗತ್ತೆ. ನಂದು ನೀಲಿನೇ ಉಳೀತು. ಅಲ್ಲಿಗೆ ಹೆಡ್ ಗ್ಯಾಸ್ಕೆಟ್ ಭಯ ಹೋಯ್ತು, ರೇಡಿಯೇಟರ್ ಬದಲಾಯಿಸ್ಬೇಕು ಅಂತ ಮುಂಚೆ ಹೇಳಿದ್ದಕ್ಕೆ ಕಾರಣ ಬರೀ ಒಂದು ಹೋಸ್ ಕ್ಲಾಂಪ್ ಸಡಿಲ ಆಗಿ ನೀರು ಜಿನುಗ್ತಿದ್ದದ್ದು ಅನ್ನೋದೂ ಪ್ರೆಶರ್ ಹಾಕಿ ನೋಡಿದಾಗ ಗೊತ್ತಾಯ್ತು. ಅಂದಹಾಗೆ ಆಯಿಲ್ ಮುಚ್ಚಳದ ಅಡಿ ಬೆಣ್ಣೆ ಥರ ಬೆಳ್ಳಗೆ ಅಂಟಿದ್ದ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಗಾಬರಿ ಆಗ್ಬೇಡಿ, ದಿನಾ ಚಿಕ್ಕ ಚಿಕ್ಕ ದೂರ ಮಾತ್ರ ಓಡಿಸೋ ಗಾಡೀಲಿ ಎಂಜಿನ್ ಸರಿಯಾಗಿ ಬಿಸಿ ಆಗದೆ ಒಳಗಿನ ತೇವಾನೇ ಹಾಗೆ ಕೂರತ್ತೆ. ಡಿಪ್‌ಸ್ಟಿಕ್ಕಲ್ಲಿರೋ ಆಯಿಲ್ಲೂ ಹಾಲು ಕಲಸಿದ ಹಾಗಿದ್ರೆ, ಕೂಲೆಂಟೂ ಕಮ್ಮಿ ಆಗ್ತಿದ್ರೆ, ಆಗ ತಡ ಮಾಡ್ಬೇಡಿ.

ಇನ್ನು ಚೆಕ್ ಎಂಜಿನ್ ಲೈಟ್. ಎಸ್ಟಿಮೇಟ್‌ನಲ್ಲಿ ಅತಿ ದುಬಾರಿ ಐಟಂ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್, ಕಾರಣ ಸ್ಕ್ಯಾನರ್‌ನಲ್ಲಿ ಬಂದ ಪಿ 0420 ಕೋಡ್. ಈ ಕೋಡ್ ಹೇಳೋದು ಕನ್ವರ್ಟರ್ ಕೆಲಸದ ಮಟ್ಟ ಕಮ್ಮಿ ಇರೋ ಹಾಗೆ ಕಾಣ್ತಿದೆ ಅಂತ ಅಷ್ಟೇ, ಕನ್ವರ್ಟರೇ ಹೋಗಿದೆ ಅಂತಲ್ಲ. ಕನ್ವರ್ಟರ್ ಹಿಂದಿರೋ ಆಕ್ಸಿಜನ್ ಸೆನ್ಸರ್ ಕೊಡೋ ಸಿಗ್ನಲ್ ನೋಡಿ ಕಂಪ್ಯೂಟರ್ ಲೆಕ್ಕ ಹಾಕತ್ತೆ, ಸೈಲೆನ್ಸರ್ ಲೈನ್‌ನಲ್ಲಿ ಎಲ್ಲೋ ಲೀಕ್ ಇದ್ದು ಹೊರಗಿನ ಗಾಳಿ ಸೇರ್ಕೊಂಡ್ರೆ ಅಥವಾ ಸೆನ್ಸರೇ ಮುದಿಯಾಗಿದ್ರೆ ಲೆಕ್ಕ ತಪ್ಪತ್ತೆ. ಇವರು ಮಾರನೇ ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರೋವಾಗ ಸ್ಟಾರ್ಟ್ ಮಾಡಿ ಕಿವಿ ಕೊಟ್ರು, ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು, ಬಿಸಿ ಆಗ್ತಾ ಆಗ್ತಾ ಕಬ್ಬಿಣ ಹಿಗ್ಗಿ ಸಂದು ಮುಚ್ಕೊಂಡು ಸದ್ದು ಮಾಯ. ಮ್ಯಾನಿಫೋಲ್ಡ್‌ನಿಂದ ಕೆಳಗಿಳಿಯೋ ಪೈಪಿನ ಜಾಯಿಂಟ್ ಹತ್ರ ಕಪ್ಪು ಮಸಿ ಗೆರೆ ಇತ್ತು, ಗ್ಯಾಸ್ಕೆಟ್ ಸುಟ್ಟಿದೆ. "ಮೊದಲು ಈ ಗ್ಯಾಸ್ಕೆಟ್ ಹಾಕಿ ಓಡಿಸಿ, ಕೋಡ್ ಮತ್ತೆ ಬಂದ್ರೆ ಆಗ ಸೆನ್ಸರ್, ಕನ್ವರ್ಟರ್ ಮಾತಾಡೋಣ" ಅಂದ್ರು. ಹಾಕಿಸಿದ ಮೇಲೆ ಲೈಟ್ ಮತ್ತೆ ಬಂದಿಲ್ಲ. ಈ ಒಂದು ವಿಷಯದಲ್ಲೇ ಇನ್‌ಸ್ಪೆಕ್ಷನ್ ಚಾರ್ಜ್‌ನ ಎಷ್ಟೋ ಪಟ್ಟು ಉಳೀತು.

ಸ್ಕ್ಯಾನರ್ ವಿಷಯ ಬಂತಲ್ಲ, ಬಹಳ ಜನ ಅಗ್ಗದ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಲ್ಲಿರೋ ದೋಷದ ಕೋಡ್ ಓದೋ ಸಾಧನ) ತಗೊಂಡು ಅದರಲ್ಲೇ ನಿರ್ಧಾರ ಮಾಡೋಕೆ ಹೋಗ್ತಾರೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ, ಯುರೋಪಲ್ಲಿ ಪೆಟ್ರೋಲ್ ಗಾಡಿಗಳಿಗೆ 2001ರಿಂದ ಈ ಪೋರ್ಟ್ ಕಡ್ಡಾಯ ಆಯ್ತು, ಹಾಗಾಗಿ ಈಗ ಓಡಾಡ್ತಿರೋ ಹಳೇ ಕಾರುಗಳಲ್ಲಿ ಹೆಚ್ಚಿನವಕ್ಕೆ ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಇರತ್ತೆ. ಒಳ್ಳೇ ಸಾಧನಾನೇ, ಕೋಡ್ ಓದೋಕೆ, ಕೂಲೆಂಟ್ ಟೆಂಪರೇಚರ್ ನೋಡೋಕೆ, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ) ನೋಡೋಕೆ ಆಗತ್ತೆ. ಇನ್ನೊಂದು ಉಪಯೋಗ ಇದೆ, ಗಾಡಿ ತನ್ನ ಸೆಲ್ಫ್ ಟೆಸ್ಟ್‌ಗಳನ್ನ ಮುಗಿಸಿದ್ಯಾ ಅಂತ ತೋರಿಸೋ ರೆಡಿನೆಸ್ ಮಾನಿಟರ್ ಅಂತ ಒಂದು ಪುಟ ಇರತ್ತೆ, ಅದರಲ್ಲಿ ತುಂಬಾ ಐಟಂ "ಇನ್‌ಕಂಪ್ಲೀಟ್" ಅಂತ ತೋರಿಸಿದ್ರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ ಅಂತ ಅರ್ಥ, ಹಳೇದು ಕೊಟ್ಟು ಇನ್ನೊಂದು ಸೆಕೆಂಡ್ ಹ್ಯಾಂಡ್ ತಗೊಳೋಕೆ ಹೋಗೋರು ಇದನ್ನ ಖಂಡಿತ ನೋಡಿ. ಆದ್ರೆ ತುಕ್ಕು, ಸವೆದ ಕ್ಲಚ್, ಬಿರುಕು ಬಿಟ್ಟ ಬುಶ್, ಕಮ್ಮಿ ಆದ ಕಂಪ್ರೆಶನ್, ಇದ್ಯಾವುದೂ ಸ್ಕ್ಯಾನರ್‌ಗೆ ಕಾಣಲ್ಲ. ಗಾಡಿ ಇಟ್ಕೊಳೋದಾ ಬಿಡೋದಾ ಅನ್ನೋದನ್ನ ತೀರ್ಮಾನ ಮಾಡೋ ವಿಷಯಗಳೇ ಅದರ ಕಣ್ಣಿಗೆ ಬೀಳಲ್ಲ.

ಉಳಿದಿದ್ದು ಬೇಗ ಹೇಳ್ತೀನಿ. ಚಕ್ರನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರು, ಬೇರಿಂಗ್, ಬಾಲ್ ಜಾಯಿಂಟ್ ಗಟ್ಟಿ, ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಒಂದು ಟೈ ರಾಡ್ ಎಂಡ್ ಲೂಸ್. ಲಟಲಟ ಸೌಂಡು ಲೋವರ್ ಆರ್ಮ್ ಬುಶ್ ಮತ್ತೆ ಲಿಂಕ್ ರಾಡ್‌ದು, ಶಾಕ್ ಅಬ್ಸಾರ್ಬರ್ ಲೀಕ್ ಇಲ್ಲ, "ಪೂರ್ತಿ ಸಸ್ಪೆನ್ಶನ್" ಬೇಕಿರ್ಲಿಲ್ಲ. ಬ್ರೇಕ್ ಪ್ಯಾಡ್ 5 ಮಿಲಿಮೀಟರ್ ಇತ್ತು, 3ಕ್ಕೆ ಇಳಿದ್ರೆ ಬದಲಾಯಿಸ್ಬೇಕು. ಬ್ಯಾಟರಿ ನಿಂತಾಗ 12.5, ಎಂಜಿನ್ ಓಡ್ತಿದ್ದಾಗ 14.2 ವೋಲ್ಟ್, ಎರಡೂ ಸರಿ. ಟೈರ್‌ದು ಮಾತ್ರ ನಾನು ಅಂದ್ಕೊಂಡಿರದ ವಿಷಯ ಬಂತು, ನೆಲಕ್ಕೆ ತಾಗೋ ಬಟನ್ (ಟ್ರೆಡ್) ಚೆನ್ನಾಗಿದ್ರೂ ಪಕ್ಕದಲ್ಲಿ ಕೂದಲೆಳೆ ಬಿರುಕು, ಪಕ್ಕದ ಗೋಡೆ ಮೇಲಿನ ನಾಲ್ಕಂಕಿ ಓದಿ ತೋರಿಸಿದ್ರು, ಮೊದಲೆರಡು ವಾರ, ಕೊನೆಯೆರಡು ವರ್ಷ, 2314 ಅಂದ್ರೆ 2014ರ 23ನೇ ವಾರ ತಯಾರಾಗಿದ್ದು. ಎರಡು ಟೈರ್ ಬದಲಾಯಿಸಿದೆ.

ಈಗ ನಿರ್ಧಾರದ ಲೆಕ್ಕ, ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ರಿಪೇರಿ ಖರ್ಚು ಕಾರಿನ ಮಾರ್ಕೆಟ್ ಬೆಲೆಯ ಅರ್ಧ ದಾಟಿದ್ರೆ ಬಿಟ್ಬಿಡಿ ಅಂತ ಎಲ್ಲಾ ಕಡೆ ಹೇಳ್ತಾರೆ, ನಾನು ಒಪ್ಪಲ್ಲ. ಮಾರ್ಕೆಟ್ ಬೆಲೆ ಅನ್ನೋದು ಇನ್ನೊಬ್ರು ನನ್ನ ಗಾಡಿಗೆ ಕೊಡೋ ದುಡ್ಡು, ಅವರಿಗೆ ಅದರ ಒಳಗೇನಿದೆ ಗೊತ್ತಿಲ್ಲ, ಹಾಗಾಗಿ ವಯಸ್ಸು ನೋಡಿ ಕಮ್ಮಿ ಕೇಳ್ತಾರೆ. ನನಗೆ ಬೇಕಿರೋದು ಓಡಾಡೋ ಒಂದು ವಾಹನ. ಹಾಗಾದ್ರೆ ಹೋಲಿಸ್ಬೇಕಿರೋದು ಮುಂದಿನ ಎರಡು ಮೂರು ವರ್ಷ ಈ ಗಾಡಿ ಓಡಿಸೋಕೆ ಎಷ್ಟಾಗತ್ತೆ, ಇದನ್ನ ಕೊಟ್ಟು ಇನ್ನೊಂದು ತಗೊಂಡ್ರೆ ಅದೇ ಎರಡು ಮೂರು ವರ್ಷಕ್ಕೆ ಎಷ್ಟಾಗತ್ತೆ, ಇವೆರಡನ್ನ. ಎರಡನೇದ್ರಲ್ಲಿ ಕಂತು, ಬಡ್ಡಿ, ಜಾಸ್ತಿ ಇನ್ಶೂರೆನ್ಸ್, ರಿಜಿಸ್ಟ್ರೇಶನ್ ಖರ್ಚು, ಹೊಸದಾದ್ರೆ ಮೊದಲ ವರ್ಷಗಳಲ್ಲೇ ಸರ್ರನೆ ಇಳಿಯೋ ಬೆಲೆ, ಸೆಕೆಂಡ್ ಹ್ಯಾಂಡ್ ಆದ್ರೆ ಹಿಂದಿನವರು ಏನೇನು ಮಾಡಿಸದೆ ಬಿಟ್ಟಿದ್ದಾರೋ ಅದೂ ಸೇರ್ಕೊಳತ್ತೆ. ಇದನ್ನೆಲ್ಲ ಒಂದು ಹಾಳೆ ಮೇಲೆ ಬರೆದು ನೋಡಿ, ತಲೇಲಿ ಹಾಕೋ ಲೆಕ್ಕ ಬೇರೆ, ಬರೆದಾಗ ಬರೋ ಲೆಕ್ಕ ಬೇರೆ. ಹಿಂದೆ ಈ ಗಾಡಿಗೆ ಎಷ್ಟು ಹಾಕಿದೀನಿ ಅನ್ನೋದನ್ನ ಮಾತ್ರ ಆ ಹಾಳೆಗೆ ತರ್ಬೇಡಿ, ಅದು ಇಟ್ಕೊಂಡ್ರೂ ವಾಪಸ್ ಬರಲ್ಲ, ಮಾರಿದ್ರೂ ಬರಲ್ಲ.

ಎಸ್ಟಿಮೇಟ್ ಪಟ್ಟೀನೂ ಎರಡು ಭಾಗ ಮಾಡ್ಕೊಳಿ. ಟೈರು, ಬ್ರೇಕು, ಬ್ಯಾಟರಿ, ಟೈಮಿಂಗ್ ಬೆಲ್ಟ್, ಕ್ಲಚ್ಚು, ಇವೆಲ್ಲ ಸವೆಯೋಕೇ ಇರೋ ಐಟಂ, ಯಾವ ಗಾಡಿ ತಗೊಂಡ್ರೂ ಒಂದಿನ ಬರ್ಲೇಬೇಕು, ಇವನ್ನ ಲೆಕ್ಕಕ್ಕೆ ಹಿಡಿದು "ಕಾರು ಹೋಯ್ತು" ಅನ್ನೋದು ಸರಿ ಅಲ್ಲ. ಸವೆದಿದ್ದಕ್ಕೆ ಹಾಕಿದ ದುಡ್ಡು ಮುಂದಿನ ಕೆಲವು ವರ್ಷ ಓಡಿಸ್ಕೊಂಡು ವಸೂಲಿ ಮಾಡ್ಬೋದು. ಇನ್ನೊಂದು ಭಾಗ ಮುರಿದುಬಿದ್ದಿದ್ದು, ಬಾಡಿ, ಎಂಜಿನ್, ಗೇರ್‌ಬಾಕ್ಸ್, ವೈರಿಂಗ್. ಪಟ್ಟಿ ಉದ್ದ ಇದ್ರೂ ಎಲ್ಲಾ ಮೊದಲ ಭಾಗದ್ದೇ ಆದ್ರೆ ಮಾಡಿಸೋದು ಲಾಭ, ಪಟ್ಟೀಲಿ ಒಂದೇ ಐಟಂ ಇದ್ದು ಅದು ಎರಡನೇ ಭಾಗದ್ದಾದ್ರೆ ಕೂತು ಯೋಚಿಸ್ಬೇಕು. ನನ್ನ ಪಟ್ಟಿ ಇನ್‌ಸ್ಪೆಕ್ಷನ್ ಆದ್ಮೇಲೆ ಪೂರ್ತಿ ಮೊದಲ ಭಾಗದ್ದೇ ಆಯ್ತು, ಅದಕ್ಕೇ ಮಾಡಿಸಿದೆ.

ಮಾಡಿಸೋವಾಗ ಕೂಲಿ ಹಂಚ್ಕೊಳೋ ಕೆಲಸಗಳನ್ನ ಒಟ್ಟಿಗೆ ಮಾಡಿಸಿ. ಕ್ಲಚ್‌ಗೆ ಗೇರ್‌ಬಾಕ್ಸ್ ಇಳಿಸ್ಲೇಬೇಕು, ಹೇಗೂ ಬಿಚ್ಚಿರೋವಾಗ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಹಾಕಿಸಿದೆ, ಸೀಲ್ ಬೆಲೆ ಪುಡಿಗಾಸು, ಆಮೇಲೆ ಅದೊಂದಕ್ಕೇ ಗೇರ್‌ಬಾಕ್ಸ್ ಇಳಿಸಿದ್ರೆ ಕ್ಲಚ್ಚಿನಷ್ಟೇ ಕೂಲಿ. ಹಾಗೇ ಟೈಮಿಂಗ್ ಬೆಲ್ಟ್ ಜೊತೆ ಟೆನ್ಶನರ್, ವಾಟರ್ ಪಂಪ್. ಬೆಲ್ಟ್ ವಿಷಯದಲ್ಲಿ ಮಾತ್ರ ಯಾರೂ ಕಾಯ್ಬೇಡಿ ದಯವಿಟ್ಟು, ಮ್ಯಾನ್ಯುಯಲ್‌ನಲ್ಲಿ ಕಿಲೋಮೀಟರ್ ಜೊತೆ ವರ್ಷದ ಲೆಕ್ಕಾನೂ ಕೊಟ್ಟಿರ್ತಾರೆ, ಕಮ್ಮಿ ಓಡಿದ ಗಾಡೀಲೂ ರಬ್ಬರ್‌ಗೆ ವಯಸ್ಸಾಗತ್ತೆ. ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟ್ ಹರಿದ ಕ್ಷಣ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯತ್ತೆ, ವಾಲ್ವ್ ಬಗ್ಗತ್ತೆ, ಗಟ್ಟಿಮುಟ್ಟಾಗಿದ್ದ ಹಳೇ ಕಾರು ಅಲ್ಲಿಗೇ ಗುಜರಿ ಸೇರತ್ತೆ.

ದುಡ್ಡಿನ ಲೆಕ್ಕಕ್ಕೆ ಸಿಗದ ಒಂದು ವಿಷಯ ಸೇಫ್ಟಿ. ಹಳೇ ಗಾಡಿ ಎಷ್ಟು ಚೆನ್ನಾಗಿ ರಿಪೇರಿ ಮಾಡಿಸಿದ್ರೂ ತಯಾರಾದಾಗ ಇಲ್ಲದ್ದು ಆಮೇಲೆ ಬರಲ್ಲ. ಗಾಡಿ ಜಾರಿದಾಗ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ದಾರಿಗೆ ತರೋ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಯುರೋಪಲ್ಲಿ 2014ರ ಕೊನೆಯಿಂದ ಎಲ್ಲಾ ಹೊಸ ಕಾರಿಗೂ ಕಡ್ಡಾಯ ಆಯ್ತು, ಅದಕ್ಕೂ ಹಳೇ ಗಾಡಿಗಳಲ್ಲಿ ತುಂಬಾವಕ್ಕೆ ಇಲ್ಲ. ದಿನಾ ಹೈವೇ ಓಡಿಸೋರಾದ್ರೆ, ಮನೇಲಿ ಹೊಸದಾಗಿ ಡ್ರೈವಿಂಗ್ ಕಲಿತ ಮಕ್ಕಳು ತಗೊಂಡು ಹೋಗೋದಾದ್ರೆ, ಎಂಜಿನ್ ಎಷ್ಟೇ ಚೆನ್ನಾಗಿದ್ರೂ ನಾನು ಹೊಸ ಗಾಡಿ ಕಡೆಗೇ ಕೈ ತೋರಿಸ್ತೀನಿ. ಏರ್‌ಬ್ಯಾಗ್ ಇರೋ ಹಳೇ ಗಾಡಿ ಆದ್ರೆ 17 ಅಕ್ಷರದ ಚೇಸಿಸ್ ನಂಬರ್ ಹಾಕಿ ರೀಕಾಲ್ ಬಾಕಿ ಇದ್ಯಾ ಅಂತ ಕಂಪನಿ ವೆಬ್‌ಸೈಟಲ್ಲಿ ಇವತ್ತೇ ನೋಡಿ. ಟಕಾಟಾ ಅನ್ನೋ ಜಪಾನ್ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿ ಅವನ್ನ ಉಬ್ಬಿಸೋ ಅಮೋನಿಯಂ ನೈಟ್ರೇಟ್ ವರ್ಷಾನುಗಟ್ಟಲೆ ಬಿಸಿ, ತೇವಕ್ಕೆ ಕೆಟ್ಟು, ಏರ್‌ಬ್ಯಾಗ್ ತೆರೆಯೋವಾಗ ಲೋಹದ ಚೂರು ಸಿಡಿದು ಜನ ಸತ್ತಿದ್ದಾರೆ, ಕೋಟಿಗಟ್ಟಲೆ ಗಾಡಿ ವಾಪಸ್ ಕರೆದಿದ್ದಾರೆ, ಹಳೇ ಗಾಡಿ ಆದಷ್ಟೂ ಅಪಾಯ ಜಾಸ್ತಿ. ಬದಲಾಯಿಸಿಕೊಡೋದು ಫ್ರೀ. ಈ ಚೆಕ್ ಇನ್‌ಸ್ಪೆಕ್ಷನ್‌ನಲ್ಲಿ ಇರ್ಲಿಲ್ಲ, ಇರ್ಬೇಕಿತ್ತು.

ಸರ್ವಿಸ್‌ನಲ್ಲಿ ನನಗೆ ಇಷ್ಟ ಆಗದ್ದೂ ಇದೆ. ಎಸಿ ಮುಟ್ಟಲೇ ಇಲ್ಲ, ಕೇಳಿದ್ರೆ ಅದು ಬೇರೆಯವರ ಕೆಲಸ ಅಂದ್ರು, ಹಾಗಿದ್ರೆ ಮೊದಲೇ ಹೇಳ್ಬೇಕು. ರೋಡ್ ಟೆಸ್ಟ್ ಅಂತ ಸುತ್ತಮುತ್ತ ನಿಧಾನಕ್ಕೆ ಒಂದು ರೌಂಡ್ ಹೊಡೆದ್ರು ಅಷ್ಟೇ, ಸ್ಪೀಡಲ್ಲಿ ಬರೋ ಸ್ಟೀರಿಂಗ್ ನಡುಕ, ಟಾಪ್ ಗೇರಲ್ಲಿ ಎಳೆಯೋ ತಾಕತ್ತು ಇದ್ರಲ್ಲಿ ಗೊತ್ತಾಗಲ್ಲ. ರಿಪೋರ್ಟ್ ತುಂಬಾ ಶಾರ್ಟ್‌ಕಟ್ ಅಕ್ಷರಗಳಲ್ಲಿ ಇತ್ತು, ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ವಿವರಿಸಿದಾಗ ಮಾತ್ರ ಅರ್ಥ ಆಗ್ತಿತ್ತು, ಮನೆಗೆ ಬಂದು ಓದೋಕೆ ಕೂತ್ರೆ ಅರ್ಧ ತಿಳೀತಿರ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಯಾವುದು ತಕ್ಷಣ, ಯಾವುದು ಆರು ತಿಂಗಳಲ್ಲಿ, ಯಾವುದು ಬಿಟ್ರೂ ನಡೆಯತ್ತೆ ಅನ್ನೋ ವಿಂಗಡಣೆ ನಾನು ಕೇಳಿದ ಮೇಲೆ ಪೆನ್ನಲ್ಲಿ ಬರೆದು ಕೊಟ್ರು. ಅದೇ ತಾನೇ ರಿಪೋರ್ಟಿನ ಜೀವಾಳ, ಕೇಳದೇನೇ ಕೊಡ್ಬೇಕು.

ನೀವು ಮಾಡಿಸೋದಾದ್ರೆ ಲಿಫ್ಟ್ ಇದ್ಯಾ, ಕಂಪ್ರೆಶನ್ ಟೆಸ್ಟ್ ಸೇರಿದ್ಯಾ, ತುಕ್ಕಿನ ಫೋಟೋ ಕೊಡ್ತಾರಾ, ಚೆಕ್ ಮಾಡೋವಾಗ ಪಕ್ಕದಲ್ಲಿ ನಿಂತ್ಕೊಬೋದಾ ಅಂತ ಕೇಳಿ. ಕೊನೇದಕ್ಕೆ ಬೇಡ ಅಂದ್ರೆ ಬೇರೆ ಕಡೆ ನೋಡಿ. ಮತ್ತೆ ಎಲ್ಲಾ ಗಾಡಿಗೂ ಇದು ಬೇಕಾಗಿಲ್ಲ. ನೆರೆ ನೀರಲ್ಲಿ ಡ್ಯಾಶ್‌ಬೋರ್ಡ್ ಮಟ್ಟ ಮುಳುಗಿದ್ದು, ಬಾಡಿ ಅಡಿ ಕಣ್ಣಿಗೇ ತೂತು ಕಾಣ್ತಿರೋದು, ಸ್ಪೇರ್ ಪಾರ್ಟ್ಸ್ ಸಿಗೋದೇ ನಿಂತುಹೋಗಿರೋ ಮಾಡೆಲ್, ಇವಕ್ಕೆ ಇನ್‌ಸ್ಪೆಕ್ಷನ್ ದುಡ್ಡೂ ದಂಡ, ಹಾಗೇ ಕೊಟ್ಬಿಡಿ. ನೀರು ನುಗ್ಗಿದ ಗಾಡಿ ವೈರಿಂಗ್ ಕನೆಕ್ಟರ್‌ಗಳು ಒಳಗೊಳಗೇ ಹಸಿರು ಹಿಡಿದು ತಿಂಗಳುಗಟ್ಟಲೆ ಆದ್ಮೇಲೆ ಒಂದೊಂದಾಗಿ ಕೈ ಕೊಡತ್ತೆ, ಅದನ್ನ ಯಾರೂ ಒಂದು ದಿನ ನೋಡಿ ಹೇಳೋಕಾಗಲ್ಲ.

ನಾನು ಮಾಡಿಸಿದ್ದು ಕ್ಲಚ್ ಸೆಟ್, ಆ ಸೀಲ್, ಟೈಮಿಂಗ್ ಬೆಲ್ಟ್ ಕಿಟ್, ವಾಟರ್ ಪಂಪ್, ಸೈಲೆನ್ಸರ್ ಗ್ಯಾಸ್ಕೆಟ್, ಲೋವರ್ ಆರ್ಮ್ ಬುಶ್, ಲಿಂಕ್ ರಾಡ್, ಟೈ ರಾಡ್ ಎಂಡ್, ಎರಡು ಟೈರು, ತುಕ್ಕಿನ ಜಾಗಕ್ಕೆ ಪ್ರೈಮರ್. ಬಿಟ್ಟಿದ್ದು ಕನ್ವರ್ಟರ್, ರೇಡಿಯೇಟರ್, ಶಾಕ್ ಅಬ್ಸಾರ್ಬರ್. ಒಟ್ಟು ಮೊದಲ ಎಸ್ಟಿಮೇಟಿನ ಅರ್ಧಕ್ಕಿಂತ ಕಮ್ಮಿ ಆಯ್ತು, ಇನ್‌ಸ್ಪೆಕ್ಷನ್ ಚಾರ್ಜ್ ಸೇರಿಸೀನೂ. ಗಾಡಿ ಈಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗತ್ತೆ, ಗುಂಡಿ ಇಳಿದ್ರೆ ಸೌಂಡಿಲ್ಲ, ಪಿಕಪ್ ವಾಪಸ್ ಬಂದಿದೆ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಮ್ಮಿ ಮಾಡಿದ್ದು ಎಸಿ, ರೋಡ್ ಟೆಸ್ಟ್ ಮತ್ತೆ ಆ ರಿಪೋರ್ಟ್ ಬರವಣಿಗೆಗೆ. ಮುಂದಿನ ವರ್ಷ ನಾಲ್ಕನೇ ಸಿಲಿಂಡರ್ ಕಂಪ್ರೆಶನ್ ಅವರ ಹತ್ರಾನೇ ಮತ್ತೆ ನೋಡಿಸ್ತೀನಿ, 148 ಎಷ್ಟಕ್ಕೆ ಇಳಿದಿದೆ ಅನ್ನೋದರ ಮೇಲೆ ಅದರ ಮುಂದಿನ ವರ್ಷದ ಮಾತು.